ವಿದೇಶಯಾತ್ರೆಗೆ ಮುನ್ನ ಸ್ವಧರ್ಮದ ಪರಿಚಯ

ವಿದೇಶಕ್ಕೆ ಹೊರಟ ತರುಣನ ಮನೆಯಲ್ಲಿ ಒಂದು ತಿಂಗಳು ಮೊದಲೇ ಸಂಭ್ರಮ ತೊಡಗುವುದು. ರಹದಾರಿ ಬಂದಾಯಿತು, ಉಣ್ಣೆಯ ಬಟ್ಟೆ ಹೊಲಿಸಿಯಾಯಿತು, ತಾಯಿಯು ಚಟ್ನಿಪುಡಿಯನ್ನೂ ಸಾರಿನಪುಡಿಯನ್ನೂ ಡಬ್ಬಿಗಳಿಗೆ ತುಂಬಿ, ಮುಚ್ಚಳಕ್ಕೆ ಬಟ್ಟೆ ಬಿಗಿದು ಇಟ್ಟದ್ದೂ ಆಯಿತು. ಆ ದೇಶದ ಚಳಿ ಎಷ್ಟು, ನಾಣ್ಯದ ಬೆಲೆ ಎಷ್ಟು, ಊಟದ ಮೇಜಿನ ಮುಂದೆ ಯಾವ ಕೈಯಲ್ಲಿ ಯಾವ ಚಮಚ ಹಿಡಿಯಬೇಕು ಎಂಬುದನ್ನು ಹೇಳಿಕೊಡಲು ಬಂಧುಗಳು ಸರದಿಯ ಮೇಲೆ ಬರುತ್ತಾರೆ. ಆದರೆ ಅಲ್ಲಿಗೆ ಹೋದ ಎರಡನೆಯ ವಾರದಲ್ಲಿಯೇ ಅವನಿಗೆ ಎದುರಾಗುವ ಒಂದು ಪ್ರಶ್ನೆಗೆ ಮಾತ್ರ ಯಾರೂ ಅವನನ್ನು ಅಣಿಗೊಳಿಸಿರುವುದಿಲ್ಲ. ಪಕ್ಕದ ಕೊಠಡಿಯ ವಿದ್ಯಾರ್ಥಿಯೋ, ಬಾಡಿಗೆಯ ಮನೆಯ ಒಡತಿಯೋ, ಪ್ರಯಾಣದಲ್ಲಿ ಪಕ್ಕಕ್ಕೆ ಕುಳಿತ ವೃದ್ಧರೋ, ಯಾವ ಕುಹಕವೂ ಇಲ್ಲದೆ ಕೇಳುತ್ತಾರೆ: “ತಾವು ಹಿಂದೂಗಳಲ್ಲವೆ? ತಮ್ಮ ಧರ್ಮ ಏನು ಹೇಳುತ್ತದೆ?”

ಈ ಪ್ರಶ್ನೆಯನ್ನೂ ಅದಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನೂ ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಶ್ರೋತೃಗಳಲ್ಲಿ ವಿದೇಶಕ್ಕೆ ಹೊರಟವರು ಕೆಲವರೇ ಇರಬಹುದು. ಹೊರಟವರ ತಂದೆತಾಯಿಗಳು ಹೆಚ್ಚು ಮಂದಿ ಇದ್ದಾರೆಂದು ನನ್ನ ಊಹೆ.

ಕೆಲಕಾಲದ ಹಿಂದೆ ವಿದ್ಯಾರ್ಥಿಯೊಬ್ಬನು ನನ್ನಲ್ಲಿಗೆ ಬಂದು, “ಸಾರ್, ಹೊರಡಲು ಇನ್ನು ಮೂರು ವಾರವಿದೆ. ಹಿಂದೂಧರ್ಮವನ್ನು ಕುರಿತು ದಾರಿಯಲ್ಲಿ ಓದಿ ಮುಗಿಸಬಹುದಾದ ಒಂದು ಚಿಕ್ಕ ಪುಸ್ತಕವನ್ನು ಹೇಳಿ. ಯಾರಾದರೂ ಏನಾದರೂ ಅಂದರೆ ಬಾಯಿ ಮುಚ್ಚಿಸುವಂತೆ ಇರಬೇಕು” ಎಂದನು. “ಏನಪ್ಪಾ, ಕೇಳಿದವರ ಬಾಯಿ ಮುಚ್ಚಿಸಬೇಕೋ, ನಿನಗೆ ತಿಳಿಯಬೇಕೋ?” ಎಂದೆ. ಹುಡುಗ ಬುದ್ಧಿವಂತ, ನಕ್ಕನು. ಆದರೆ ಅವನ ಬೇಡಿಕೆ ಅವನೊಬ್ಬನದಲ್ಲ. ನಮ್ಮ ಕಾಲೇಜುಗಳಲ್ಲಿ ಓದಿದವರು ಬಹುಮಂದಿ ಸ್ವಧರ್ಮವನ್ನು ಮೊದಲು ಭೇಟಿಮಾಡುವುದೇ ಹೀಗೆ, ಪರರ ಮುಂದೆ ಸಮರ್ಥಿಸಿಕೊಳ್ಳಬೇಕಾದ ಒಂದು ಮೊಕದ್ದಮೆಯ ರೂಪದಲ್ಲಿ. ನಾನು ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವನು. ಮಿಲ್ಟನ್ ಕವಿಯ ಪಾಠ ನಡೆಯುವಾಗ ಆದಾಮನು ಸ್ವರ್ಗವನ್ನು ಕಳೆದುಕೊಂಡ ಕಥೆಯನ್ನು ತರಗತಿಯ ಹುಡುಗರು ತಡವರಿಸದೆ ಒಪ್ಪಿಸುತ್ತಾರೆ. ನಚಿಕೇತನು ಯಮನ ಬಾಗಿಲಲ್ಲಿ ಮೂರು ರಾತ್ರಿ ಏತಕ್ಕೆ ಕಾದನೆಂದು ಕೇಳಿದರೆ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಾರೆ. ಇದರಲ್ಲಿ ಮಿಲ್ಟನ್ನನ ತಪ್ಪೇನೂ ಇಲ್ಲ.

ವಿದೇಶದಲ್ಲಿ ಬರುವ ಪ್ರಶ್ನೆಗಳಿಗೆಲ್ಲ ಒಂದು ಅಚ್ಚುಂಟು. ನಿಮ್ಮ ಧರ್ಮವನ್ನು ಸ್ಥಾಪಿಸಿದವರು ಯಾರು? ನಿಮ್ಮ ಪವಿತ್ರಗ್ರಂಥ ಯಾವುದು? ನೀವು ನಂಬಲೇಬೇಕಾದ ತತ್ತ್ವಗಳು ಎಷ್ಟು? ಕೇಳುವವರು ತಮ್ಮ ಮನೆಯಲ್ಲಿ ಕಂಡ ಧರ್ಮದ ಆಕಾರವನ್ನೇ ಎಲ್ಲ ಧರ್ಮಗಳಿಗೂ ಊಹಿಸಿ ಕೇಳುತ್ತಾರೆ, ಅದು ಸಹಜ. ಉತ್ತರ ಹೇಳುವವನು ಆ ಅಚ್ಚಿನೊಳಕ್ಕೆ ತನ್ನ ಧರ್ಮವನ್ನು ತುರುಕಲು ಹೋದರೆ ಕಷ್ಟ ಮೊದಲಾಯಿತು. ಸ್ಥಾಪಕರಿಲ್ಲ ಎಂದರೆ ಕೊರತೆಯೆಂದು ತೋರುತ್ತದೆ. ಒಂದೇ ಗ್ರಂಥವಿಲ್ಲ ಎಂದರೆ ಅವ್ಯವಸ್ಥೆಯೆಂದು ತೋರುತ್ತದೆ. ಆದುದರಿಂದ ಹೊರಡುವವನು ಕಲಿಯಬೇಕಾದ ಮೊದಲನೆಯ ಸಂಗತಿ, ಹಿಂದೂ ಎಂಬ ಮಾತೇ ಮೊದಲು ಒಂದು ಮತದ ಹೆಸರಾಗಿರಲಿಲ್ಲ ಎಂಬುದು. ಸಿಂಧೂನದಿಯ ಹೆಸರು ಪಾರಸಿಕರ ಬಾಯಲ್ಲಿ ಹಿಂದು ಎಂದಾಯಿತು. ನದಿಯ ಈಚೆಯವರಿಗೆಲ್ಲ ಅದೇ ಹೆಸರು ಅಂಟಿತು. ಇದನ್ನು ಒಂದು ಮತದ ಹೆಸರಾಗಿಸಿ, ಕೊನೆಗೊಂದು ಇಂಗ್ಲಿಷ್ ಪ್ರತ್ಯಯವನ್ನು ಹಚ್ಚಿದ ಪದ ಬಳಕೆಗೆ ಬಂದದ್ದು 19ನೆಯ ಶತಮಾನದ ಆರಂಭದ ಹೊತ್ತಿಗೆ. ಈ ಒಂದು ಹೆಸರಿನ ಕೆಳಗೆ ವಾಸಮಾಡುವವರಲ್ಲಿ ಪರಸ್ಪರ ಒಪ್ಪದವರು ಬಹಳ. ಪ್ರಾಚೀನ ಸಾಂಖ್ಯರು ಜಗತ್ತನ್ನು ವಿವರಿಸಲು ಈಶ್ವರನ ಅಗತ್ಯವನ್ನು ಕಾಣಲಿಲ್ಲ. ಪೂರ್ವಮೀಮಾಂಸಕರು ವೇದವನ್ನು ತಲೆಯ ಮೇಲೆ ಹೊತ್ತವರು; ಆದರೂ ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನಿರುವನೆಂಬುದನ್ನು ಒಪ್ಪಲಿಲ್ಲ. “ನೀವು ದೇವರನ್ನು ನಂಬುವಿರಷ್ಟೆ?” ಎಂಬ ಸರಳವಾದ ಪ್ರಶ್ನೆಗೆ ಇಷ್ಟೆಲ್ಲ ಹಿಂದಿದೆಯೆಂದು ತಿಳಿದವನು ಆತುರದಿಂದ ಉತ್ತರ ಕೊಡಲಾರನು.

ಈ ಸಂದರ್ಭದಲ್ಲಿ ಗಾಂಧೀಜಿಯವರ ನೆನಪು ಬಾರದಿರದು. ಅವರು ಬೊಂಬಾಯಿಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದ್ದು 1888ನೆಯ ಸೆಪ್ಟೆಂಬರ್ 4ರಂದು. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಪ್ರತಿಜ್ಞೆ ಮಾಡಿದರು; ಅವರ ಧಾರ್ಮಿಕ ಸಿದ್ಧತೆ ಅಷ್ಟೆ. ಬೊಂಬಾಯಿಯಲ್ಲಿ ಅವರ ಜಾತಿಯವರು ಸಭೆ ಸೇರಿ, ಸಮುದ್ರ ದಾಟುವುದು ಧರ್ಮಕ್ಕೆ ವಿರೋಧವೆಂದು ಸಾರಿ ಅವರನ್ನು ಬಹಿಷ್ಕರಿಸಿದರು. ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಕಟ್ಟುಮಾಡಿದರು. ಮುಂದೆ ನಡೆದದ್ದನ್ನು ನೋಡಿ. ಇಂಗ್ಲೆಂಡಿನಲ್ಲಿ ಎರಡನೆಯ ವರ್ಷ ಮುಗಿಯುತ್ತ ಬಂದಾಗ ಥಿಯಾಸಫಿ ಪಂಥದ ಇಬ್ಬರು ಸೋದರರು ಅವರನ್ನು ಕಂಡು, ತಾವು ಭಗವದ್ಗೀತೆಯನ್ನು ಎಡ್ವಿನ್ ಆರ್ನಾಲ್ಡರ ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇವೆಂದೂ, ಮೂಲವನ್ನು ತಮ್ಮೊಡನೆ ಕುಳಿತು ಓದಬೇಕೆಂದೂ ಕೇಳಿಕೊಂಡರು. ಗೀತೆಯನ್ನು ಸಂಸ್ಕೃತದಲ್ಲಾಗಲಿ ಗುಜರಾತಿಯಲ್ಲಾಗಲಿ ಅದುವರೆಗೆ ಓದಿಯೇ ಇರಲಿಲ್ಲವೆಂದು ಹೇಳಿಕೊಳ್ಳಲು ತಮಗೆ ನಾಚಿಕೆಯಾಯಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಾಚಿಕೆಯಾದರೂ ಅದನ್ನು ಮುಚ್ಚಿಡಲಿಲ್ಲ. ತಮ್ಮ ಸಂಸ್ಕೃತ ಅಲ್ಪವೆಂದು ಹೇಳಿ, ಅವರೊಡನೆ ಓದತೊಡಗಿದರು. ಕಡಲು ದಾಟಿದರೆ ಧರ್ಮ ಕೆಡುವುದೆಂದು ಬಂಧುಗಳು ಹೊರಗೆ ಹಾಕಿದ ಹುಡುಗನಿಗೆ ಗೀತೆಯು ಕೈಗೆ ಸಿಕ್ಕಿದ್ದು ಕಡಲಿನ ಆಚೆ, ಪರಭಾಷೆಯಲ್ಲಿ, ಪರದೇಶಿಯರ ಕೈಯಿಂದ. ಬಹಿಷ್ಕಾರ ಹಾಕಿದವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದರೋ!

ಇದೇ ಆತ್ಮಕಥೆಯಲ್ಲಿ ಇನ್ನೊಂದು ಪ್ರಸಂಗವುಂಟು. ಅದು ನನಗೆ ಗೀತೆಯ ಪ್ರಸಂಗಕ್ಕಿಂತಲೂ ಪ್ರಿಯವಾದದ್ದು. 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿದ್ದಾಗ ಕೋಟ್ಸ್ ಎಂಬ ಕ್ರೈಸ್ತ ಮಿತ್ರರು ಗಾಂಧೀಜಿಯವರ ಕೊರಳಿನ ತುಳಸೀಮಣಿಯನ್ನು ಕಂಡು, ಈ ಮೂಢನಂಬಿಕೆ ನಿಮಗೆ ಸಲ್ಲದು, ಕೊಡಿ, ಕಿತ್ತುಬಿಡುತ್ತೇನೆ ಎಂದರು. ಇದರಲ್ಲಿ ನಿಮಗೆ ನಂಬಿಕೆಯುಂಟೆ ಎಂದೂ ಕೇಳಿದರು. ಅದರ ಗೂಢಾರ್ಥ ತಮಗೆ ತಿಳಿಯದೆಂದು ಗಾಂಧೀಜಿ ಹೇಳಿದರು. ಧರಿಸದಿದ್ದರೆ ಕೇಡಾಗುವುದೆಂದೂ ತಾವು ಭಾವಿಸಿಲ್ಲ. ಆದರೆ ತಾಯಿ ಪ್ರೀತಿಯಿಂದ ಕೊರಳಿಗೆ ಹಾಕಿದ್ದನ್ನು ತಕ್ಕ ಕಾರಣವಿಲ್ಲದೆ ತೆಗೆದುಹಾಕುವುದಿಲ್ಲ. ಕಾಲಾಂತರದಲ್ಲಿ ಅದು ತಾನಾಗಿ ಹರಿದುಹೋದರೆ ಹೊಸದನ್ನು ಅರಸುವುದೂ ಇಲ್ಲ ಎಂದರು. ಈ ಉತ್ತರದಲ್ಲಿ ತತ್ತ್ವಶಾಸ್ತ್ರವೇನಿಲ್ಲ. ತಿಳಿಯದ್ದನ್ನು ತಿಳಿಯದು ಎಂದರು. ಪ್ರೀತಿಯ ಲೆಕ್ಕಕ್ಕೆ ಸೇರಿದ್ದನ್ನು ಪ್ರೀತಿಯ ಲೆಕ್ಕದಲ್ಲಿಯೇ ಇಟ್ಟರು. ನಮ್ಮ ಪದವೀಧರರಲ್ಲಿ ಕೆಲವರು ಇಂತಹ ಸಂದರ್ಭದಲ್ಲಿ ತುಳಸಿಯಿಂದ ದೇಹದಲ್ಲಿ ವಿದ್ಯುತ್ತು ಸಂಚರಿಸುತ್ತದೆಂದು ಹೇಳಿ ಗೆದ್ದೆವೆಂದುಕೊಳ್ಳುತ್ತಾರೆ.

ಕ್ರೈಸ್ತ ಮಿತ್ರರ ಒತ್ತಾಯ ಬಲವಾದಾಗ ಗಾಂಧೀಜಿ ತಮ್ಮ ಸಂದೇಹಗಳನ್ನು ಪತ್ರಮುಖೇನ ಬೊಂಬಾಯಿಯ ರಾಯಚಂದಭಾಯಿಯವರಿಗೆ ಕಳುಹಿಸಿದರು. ಸಮಾಧಾನದಿಂದಿರು, ಹಿಂದೂಧರ್ಮವನ್ನು ಇನ್ನೂ ಆಳವಾಗಿ ಅಭ್ಯಾಸಮಾಡು ಎಂದು ಉತ್ತರ ಬರೆದು ಗ್ರಂಥಗಳನ್ನು ಕಳುಹಿಸಿದ ಆ ಮಹನೀಯರು ಜೈನರು.

ಇನ್ನು ದೇವರುಗಳ ಲೆಕ್ಕ. “ನಿಮಗೆ ದೇವರುಗಳು ಎಷ್ಟು?” ಎಂದು ವಿದೇಶೀಯರು ಕೇಳಿದರೆ ನಮ್ಮ ತರುಣನು ಮೂವತ್ತಮೂರು ಕೋಟಿಯೆನ್ನಲು ನಾಚಿ, ಒಬ್ಬನೇ ಎನ್ನುತ್ತಾನೆ. ಕೇಳಿದವರು ಗೋಡೆಯ ಮೇಲಿನ ಪಟಗಳನ್ನು ನೋಡಿ ಸುಮ್ಮನಾಗುತ್ತಾರೆ. ಆದರೆ ಈ ಪ್ರಶ್ನೆಯನ್ನು ನಮ್ಮವರೇ ನಮ್ಮವರಿಗೆ ಬಹಳ ಹಿಂದೆಯೇ ಕೇಳಿಯಾಗಿದೆ. ಬೃಹದಾರಣ್ಯಕೋಪನಿಷತ್ತಿನಲ್ಲಿ ಜನಕನ ಸಭೆಯಲ್ಲಿ ಶಾಕಲ್ಯನು ಯಾಜ್ಞವಲ್ಕ್ಯನನ್ನು ಕೇಳುವ ಪ್ರಶ್ನೆ ಇದೇ: ದೇವತೆಗಳು ಎಷ್ಟು? ಯಾಜ್ಞವಲ್ಕ್ಯನು ಮೊದಲು ಮೂರು ಸಾವಿರದ ಮುನ್ನೂರ ಆರು ಎಂದನು. ಸರಿ, ನಿಜವಾಗಿ ಎಷ್ಟು? ಮೂವತ್ತಮೂರು. ಸರಿ, ನಿಜವಾಗಿ ಎಷ್ಟು? ಆರು. ಹೀಗೆಯೇ ಮೂರು, ಎರಡು, ಒಂದೂವರೆ, ಕಡೆಗೆ ಒಂದು. ಆ ಒಂದು ಪ್ರಾಣ, ಅದೇ ಬ್ರಹ್ಮ. ಒಂದೂವರೆ ದೇವರೆಂಬ ಲೆಕ್ಕವನ್ನು ಋಷಿಯು ನಗದೆ ಹೇಳಿದನೆಂದು ನಾನು ನಂಬಲಾರೆ. ಆದರೂ ಅದಕ್ಕೊಂದು ವಿವರಣೆಯನ್ನು ಅಲ್ಲಿಯೇ ಕೊಟ್ಟಿದೆ. ಗಮನಿಸಬೇಕಾದದ್ದೇನೆಂದರೆ, ಯಾವ ಸಂಖ್ಯೆಯನ್ನೂ ಸುಳ್ಳೆಂದು ಅವನು ಹಿಂದೆಗೆದುಕೊಳ್ಳಲಿಲ್ಲ. ಈ ಸಂವಾದವನ್ನು ಬಲ್ಲವನು ಅನೇಕದೇವತಾವಾದ, ಏಕದೇವತಾವಾದ ಎಂಬ ಎರಡು ಕಟಕಟೆಗಳ ನಡುವೆ ಓಡಾಡಬೇಕಾಗಿಲ್ಲ.

ವಿಗ್ರಹಪೂಜೆಯ ಪ್ರಶ್ನೆಗಾದರೋ ಉಪನಿಷತ್ತೂ ಬೇಡ. ಗಣೇಶನ ಚೌತಿಯನ್ನು ಮಾಡಿದ ಮನೆಯ ಹುಡುಗನು ತಾನು ಕಂಡದ್ದನ್ನು ನೆನೆದರೆ ಸಾಕು. ಕೆರೆಯ ಜೇಡಿಮಣ್ಣು ಕುಂಬಾರರ ಕೈಯಲ್ಲಿ ಗಣಪನಾಯಿತು. ಮನೆಗೆ ತಂದ ಮೇಲೂ ಪುರೋಹಿತರು ಪ್ರಾಣಪ್ರತಿಷ್ಠೆ ಮಾಡುವ ತನಕ ಅದು ಮಣ್ಣೇ; ಮಕ್ಕಳು ಸೊಂಡಿಲನ್ನು ಮುಟ್ಟಿ ನೋಡಬಹುದು. ಪ್ರತಿಷ್ಠೆಯಾದ ಮೇಲೆ ಅವನು ಅತಿಥಿ: ಅವನಿಗೆ ಆಸನ, ಪಾದ್ಯ, ಸ್ನಾನ, ವಸ್ತ್ರ, ಕಡುಬು. ಬಳಿಕ ಉದ್ವಾಸನೆಯ ಮಂತ್ರ. ಬಾವಿಗೋ ಕೆರೆಗೋ ಬಿಡುವುದು. ಮಣ್ಣು ಮಣ್ಣಿಗೆ ಸೇರಿತು. ಕಲ್ಲನ್ನೇ ದೇವರೆಂದು ತಿಳಿದವರು ತಾವೇ ತಮ್ಮ ದೇವರನ್ನು ನೀರಿಗೆ ಬಿಟ್ಟು, ಊಟಮಾಡಿ ಮಲಗುವರೆ? ಈ ಕರ್ಮದಲ್ಲಿ ಅಡಗಿರುವ ವಿಚಾರವನ್ನು ನಮ್ಮ ಅಜ್ಜಿಯರು ಬಲ್ಲರು. ಮೊಮ್ಮಕ್ಕಳು ಕೇಳಿಲ್ಲ, ಅಷ್ಟೆ. ದೇವಾಲಯದ ಪೂಜೆಯನ್ನು ಆಕ್ಷೇಪಿಸಿ, ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದವರೂ ಈ ನಾಡಿನಲ್ಲಿಯೇ 12ನೆಯ ಶತಮಾನದಲ್ಲಿ ಹುಟ್ಟಿದರು. ಆ ಶರಣರ ಪರಂಪರೆಯು ಹಿಂದೂಧರ್ಮದ ಒಳಗಿನದೋ ಪ್ರತ್ಯೇಕವಾದದ್ದೋ ಎಂಬುದರಲ್ಲಿ ಅವರ ಅನುಯಾಯಿಗಳಲ್ಲಿಯೇ ಅಭಿಪ್ರಾಯಭೇದವುಂಟು. ಹೊರನಾಡಿನಲ್ಲಿ ಅವರ ಮಾತನ್ನು ಉದಾಹರಿಸುವವರು ಇದನ್ನೂ ತಿಳಿದಿರುವುದು ಒಳ್ಳೆಯದು.

ಸಮುದ್ರಯಾನದ ನಿಷೇಧದ ವಿಷಯ ಹೇಳಿದೆನಷ್ಟೆ. ಬೌಧಾಯನ ಧರ್ಮಸೂತ್ರದಲ್ಲಿ ಇದು ಪಾತಕಗಳಲ್ಲಿ ಸೇರಿದೆ, ನಿಜ. ಆದರೆ ಅದೇ ಗ್ರಂಥದ ಮೊದಲಿನಲ್ಲಿ ವಿನೋದವಾದ ಒಂದು ಪಟ್ಟಿಯುಂಟು. ಉತ್ತರದವರ ಪದ್ಧತಿಗಳು ಇಂಥವು, ದಕ್ಷಿಣದವರ ಪದ್ಧತಿಗಳು ಇಂಥವು ಎಂದು ಅಲ್ಲಿ ಎಣಿಸಿದೆ. ಉಣ್ಣೆಯ ವ್ಯಾಪಾರವೂ ಸಮುದ್ರಯಾನವೂ ಉತ್ತರದವರ ಲೆಕ್ಕಕ್ಕೆ. ಹೆಂಡತಿಯೊಡನೆ ಕುಳಿತು ಉಣ್ಣುವುದು, ಸೋದರಮಾವನ ಮಗಳನ್ನು ಮದುವೆಯಾಗುವುದು ದಕ್ಷಿಣದವರ ಲೆಕ್ಕಕ್ಕೆ. ಒಬ್ಬರ ಪದ್ಧತಿಯನ್ನು ಇನ್ನೊಬ್ಬರು ಆಚರಿಸಿದರೆ ದೋಷವೆಂದು ಅಲ್ಲಿ ಹೇಳಿದೆ. ಸೋದರಿಕೆಯ ಸಂಬಂಧವನ್ನು ಇಂದಿಗೂ ಬಿಡದ ನಮ್ಮ ಕಡೆಯವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು. ಆಚಾರವು ದೇಶವನ್ನನುಸರಿಸಿ ಬದಲಾಗುವುದೆಂಬುದನ್ನು ಸೂತ್ರಕಾರರೇ ಬಲ್ಲವರಾಗಿದ್ದರು. ಅದನ್ನು ಮರೆತವರು ನಾವು.

ಈಗ ಕಠಿನವಾದ ಪ್ರಶ್ನೆಗೆ ಬರುತ್ತೇನೆ. ಉಳಿದೆಲ್ಲಕ್ಕೂ ಉತ್ತರ ಕೊಟ್ಟವನು ಜಾತಿಯ ಮಾತು ಬಂದೊಡನೆ ತಡವರಿಸುತ್ತಾನೆ. ಅದು ಬರಿಯ ಶ್ರಮವಿಭಾಗವೆಂದೋ, ಅದೆಲ್ಲ ಹಿಂದೆ ಇತ್ತೆಂದೋ, ನಿಮ್ಮಲ್ಲಿಯೂ ವರ್ಣಭೇದವಿಲ್ಲವೆ ಎಂದೋ ಹೇಳಿ ಪಾರಾಗಲು ನೋಡುತ್ತಾನೆ. ಹೊರಡುವ ಮೊದಲು ಅವನು ಇನ್ನೊಬ್ಬ ವಿದ್ಯಾರ್ಥಿಯ ವಿದೇಶಯಾತ್ರೆಯ ಕಥೆಯನ್ನೂ ಓದಿರಬೇಕು. ಭೀಮರಾವ್ ಅಂಬೇಡ್ಕರರು ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. 1916ರ ಮೇ 9ರಂದು ಅಲ್ಲಿಯ ಮಾನವಶಾಸ್ತ್ರದ ವಿಚಾರಗೋಷ್ಠಿಯೊಂದರಲ್ಲಿ ಭಾರತದ ಜಾತಿಗಳ ಹುಟ್ಟನ್ನೂ ಬೆಳವಣಿಗೆಯನ್ನೂ ಕುರಿತು ಪ್ರಬಂಧ ಓದಿದರು. ಜಾತಿಯ ಮೂಲಲಕ್ಷಣ ತಮ್ಮತಮ್ಮೊಳಗೇ ಮದುವೆಯಾಗುವ ಕಟ್ಟಳೆ ಎಂಬುದು ಅವರ ವಾದ. ಅದು ಬೈಗುಳವಲ್ಲ, ಹೊಗಳಿಕೆಯೂ ಅಲ್ಲ, ಶಾಸ್ತ್ರೀಯವಾದ ವಿವೇಚನೆ. ಅವರು 1917ರಲ್ಲಿ ಹಿಂದಿರುಗಿ ಬರೋಡದ ಸೇವೆಗೆ ಸೇರಿದಾಗ ಆ ಊರಿನಲ್ಲಿ ಅವರಿಗೆ ಇಳಿದುಕೊಳ್ಳಲು ಸ್ಥಳವೇ ದೊರೆಯಲಿಲ್ಲ. ಪಾರಸಿಯರ ಛತ್ರವೊಂದರಲ್ಲಿ ಬೇರೆ ಹೆಸರಿನಿಂದ ಕೆಲವು ದಿನವಿದ್ದರು. ಗುರುತು ಬಯಲಾಗಿ ದೊಣ್ಣೆ ಹಿಡಿದ ಗುಂಪು ಬಂದು ಹೊರಡಿಸಿತು. ಒಬ್ಬ ಹಿಂದೂ ಮಿತ್ರರನ್ನೂ ಒಬ್ಬ ಕ್ರೈಸ್ತ ಮಿತ್ರರನ್ನೂ ಆಶ್ರಯ ಕೇಳಿದರು; ಇಬ್ಬರೂ ನೆವ ಹೇಳಿದರು. ವಿದೇಶದಲ್ಲಿ ಕಳೆದ ವರ್ಷಗಳಲ್ಲಿ ತಾನು ಅಸ್ಪೃಶ್ಯನೆಂಬ ಪ್ರಜ್ಞೆಯೇ ಮನಸ್ಸಿನಿಂದ ಅಳಿಸಿಹೋಗಿತ್ತೆಂದು ಅವರು ಬರೆದಿದ್ದಾರೆ.

ಒಬ್ಬನಿಗೆ ವಿದೇಶದಲ್ಲಿ ಗೀತೆ ದೊರೆಯಿತು. ಇನ್ನೊಬ್ಬನಿಗೆ ತಾನು ಮನುಷ್ಯನೆಂಬ ನಿಶ್ಚಿಂತೆ ದೊರೆಯಿತು. ಎರಡೂ ಹಿಂದೂಧರ್ಮದ ಪರಿಚಯವೇ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದರು. ಈ ಎರಡು ದಿನಾಂಕಗಳಲ್ಲಿ ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ನುಂಗುವವರನ್ನು ಕಂಡಿದ್ದೇನೆ. ಕೇಳುವವರಿಗೆ ಎರಡೂ ತಿಳಿದಿರುತ್ತವೆ.

ವಿದೇಶವೆಂದೊಡನೆ ನಾವು ಪಶ್ಚಿಮವನ್ನೇ ನೆನೆಯುವುದು ರೂಢಿ. ಪೂರ್ವಕ್ಕೆ ಹೋಗುವವನಿಗೆ ಬೇರೊಂದು ಬಗೆಯ ಪರೀಕ್ಷೆ ಕಾದಿದೆ. ಜಾವಾದ್ವೀಪದ ಪ್ರಂಬನಾನಿನಲ್ಲಿ 9ನೆಯ ಶತಮಾನದ ಶಿವಾಲಯವುಂಟು. ಕಾಂಬೋಜದ ಅಂಗ್ಕೋರ್ ವಾಟ್ 12ನೆಯ ಶತಮಾನದಲ್ಲಿ ವಿಷ್ಣುವಿಗೆಂದು ಕಟ್ಟಿದ್ದು. ಅವು ಶಿಲೆಗಳು, ನಮ್ಮನ್ನು ಏನೂ ಕೇಳುವುದಿಲ್ಲ. ಬಾಲಿದ್ವೀಪದಲ್ಲಾದರೋ ಧರ್ಮ ಜೀವಂತವಾಗಿದೆ. ಅಲ್ಲಿಯ ದೇವಾಲಯಗಳಲ್ಲಿ ಪದ್ಮಾಸನವೆಂಬ ಎತ್ತರವಾದ ಪೀಠವಿರುತ್ತದೆ; ಮೇಲಿನ ಆಸನ ಬರಿದು, ವಿಗ್ರಹವಿಲ್ಲ. ಶಕವರ್ಷದ ಹೊಸದಿನವು ನಮ್ಮ ಯುಗಾದಿಯ ಆಸುಪಾಸಿನಲ್ಲಿಯೇ ಬರುವುದು. ಆದರೆ ಅಂದು ಹೋಳಿಗೆಯಿಲ್ಲ, ಒಲೆಯೇ ಹೊತ್ತಿಸುವುದಿಲ್ಲ. ನ್ಯೆಪಿ ಎಂದು ಅಲ್ಲಿಯವರು ಕರೆಯುವ ಆ ದಿನ ದ್ವೀಪವೆಲ್ಲ ಮೌನ. ದೀಪವಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ, ವಿಮಾನನಿಲ್ದಾಣವೂ ಮುಚ್ಚುತ್ತದೆ. ತ್ರಿಸಂಧ್ಯೆಯೆಂಬ ಅವರ ಪ್ರಾರ್ಥನೆ ಗಾಯತ್ರಿಯಿಂದ ತೊಡಗುತ್ತದೆ. ಅದನ್ನು ಶಾಲೆಯ ಹುಡುಗರೂ ಹುಡುಗಿಯರೂ ಒಟ್ಟಿಗೆ ನಿಂತು ಹೇಳುತ್ತಾರೆ. ಗಾಯತ್ರಿಯನ್ನು ಯಾರು ಹೇಳಬಹುದು, ಯಾರು ಹೇಳಬಾರದು ಎಂದು ಶತಮಾನಗಳಿಂದ ಜಗಳವಾಡಿದ ನಾಡಿನಿಂದ ಹೋದವನು ಅಲ್ಲಿ ನಿಂತು ಏನು ಹೇಳಿಯಾನು? ನೀವು ಮಾಡುವುದು ಸರಿಯಾದ ಹಿಂದೂಧರ್ಮವಲ್ಲ ಎನ್ನುವನೆ? ಎಂದವರೂ ಇರಬಹುದು.

ಹಾಗಾದರೆ ಹೊರಡುವ ಮುನ್ನ ಏನು ಮಾಡಬೇಕು? ಷಿಕಾಗೋದ ಸರ್ವಧರ್ಮಸಮ್ಮೇಳನಕ್ಕೆ 1893ರಲ್ಲಿ ಹೋದ ವಿವೇಕಾನಂದರು ಮೊದಲು ಕೆಲವು ವರ್ಷ ಈ ದೇಶವನ್ನೇ ಸುತ್ತಿದರು. 1892ರಲ್ಲಿ ಬೆಳಗಾವಿಗೂ ಬೆಂಗಳೂರಿಗೂ ಬಂದು, ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಅರಮನೆಯಲ್ಲಿಯೂ ಗುಡಿಸಲಿನಲ್ಲಿಯೂ ಮಲಗಿ ಎದ್ದ ಮೇಲೆ ಅವರು ಹಡಗು ಹತ್ತಿದ್ದು. ಅಷ್ಟು ಕಾಲ ನಮ್ಮ ತರುಣನಿಗೆ ಇಲ್ಲ. ಆದರೆ ಕನ್ನಡನಾಡಿನವನಿಗೆ ಒಂದು ಸೌಕರ್ಯವುಂಟು. ಶೃಂಗೇರಿ, ಮೇಲುಕೋಟೆ, ಉಡುಪಿ, ಈ ಮೂರನ್ನೂ ಒಂದು ವಾರದಲ್ಲಿ ನೋಡಿ ಬರಬಹುದು. ಜೀವನೂ ಬ್ರಹ್ಮನೂ ಒಂದೇ ಎಂದವರು, ದೇಹ ದೇಹಿಗಳಂತೆ ಎಂದವರು, ಎಂದೆಂದಿಗೂ ಬೇರೆಯೇ ಎಂದವರು, ಮೂವರ ಮನೆಗಳೂ ಇಲ್ಲಿವೆ. ಮೂವರೂ ಅದೇ ಉಪನಿಷತ್ತುಗಳಿಗೆ ಅರ್ಥ ಹೇಳಿದವರು. ಓದಬೇಕೆಂದರೆ ಗೀತೆಯನ್ನು ಕನ್ನಡದಲ್ಲಿಯೇ ಓದಬೇಕು. ನಾಗರಸನು ಭಾಮಿನೀಷಟ್ಪದಿಯಲ್ಲಿ ತಂದದ್ದಿದೆ; ಡಿ. ವಿ. ಗುಂಡಪ್ಪನವರ ‘ಜೀವನಧರ್ಮಯೋಗ’ವಿದೆ. ದರ್ಶನಗಳನ್ನು ತಿಳಿಯಲು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು 1932ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥಕ್ಕಿಂತ ನಿಷ್ಪಕ್ಷಪಾತವಾದದ್ದನ್ನು ನಾನು ಕಾಣೆ. ಇಲ್ಲಿಯ ತರಗತಿಗಳಲ್ಲಿ ಹೇಳಿದ ಪಾಠಗಳಿಂದ ಬೆಳೆದ ಪುಸ್ತಕ ಅದು. ದಾರಿಯಲ್ಲಿ ಓದಿ ಮುಗಿಸುವಂಥದಲ್ಲವೆಂದು ಆ ವಿದ್ಯಾರ್ಥಿಗೂ ಹೇಳಿದೆ.

ಪುಸ್ತಕಕ್ಕಿಂತ ಮೊದಲು ಮನೆಯಲ್ಲಿ ನಡೆಯುವ ಪೂಜೆಯ ಮಂತ್ರಗಳಿಗೆ ಅರ್ಥವೇನೆಂದು ಮನೆಯ ಪುರೋಹಿತರನ್ನು ಕೇಳಿ. ಅವರು ಮುನಿದುಕೊಂಡರೆ ಬೇರೊಬ್ಬರನ್ನು ಕೇಳಿ. ಉದಾಹರಣೆಗೆ ಸಂಕಲ್ಪ. ಯಾವ ಪೂಜೆಗೂ ಮೊದಲು ನಾವು ಎಲ್ಲಿದ್ದೇವೆ, ಇದು ಯಾವ ಕಾಲ ಎಂದು ಹೇಳಿಕೊಳ್ಳುತ್ತೇವೆ: ಜಂಬೂದ್ವೀಪ, ಭರತವರ್ಷ, ಸಂವತ್ಸರ, ಮಾಸ, ತಿಥಿ. ಕಡಲಾಚೆ ನಿಂತು ಇದನ್ನೇ ಹೇಳಿದರೆ ವಿಳಾಸ ತಪ್ಪಾಯಿತಲ್ಲ! ಅಮೆರಿಕದಲ್ಲಿ ನಮ್ಮವರು ದೇವಾಲಯಗಳನ್ನು ಕಟ್ಟಿಕೊಂಡಾಗ ಈ ತೊಡಕು ಎದುರಾಯಿತು. ನ್ಯೂಯಾರ್ಕಿನ ಫ್ಲಷಿಂಗಿನ ಗಣಪತಿ ದೇವಾಲಯದ ಪ್ರತಿಷ್ಠೆಯಾದದ್ದು 1977ರಲ್ಲಿ. ಅಲ್ಲಿಯ ಪುರೋಹಿತರಲ್ಲಿ ಕೆಲವರು ಪುರಾಣಗಳ ಸಪ್ತದ್ವೀಪಗಳ ಪಟ್ಟಿಯಲ್ಲಿ ಹುಡುಕಿ, ಜಂಬೂದ್ವೀಪದ ಸ್ಥಾನದಲ್ಲಿ ಕ್ರೌಂಚದ್ವೀಪವೆಂದು ಹೇಳುವ ಪದ್ಧತಿಯನ್ನು ತಂದರು. ಇದು ಶಾಸ್ತ್ರಸಮ್ಮತವೆ ಎಂದು ಪಂಡಿತರು ಚರ್ಚಿಸಲಿ. ಇಂಗ್ಲೆಂಡಿಗೆ ಹೊರಟವನು ಯಾವ ದ್ವೀಪವನ್ನು ಹೇಳಬೇಕೆಂದು ನನ್ನನ್ನು ಕೇಳಿದರೆ, ಹೊರಡುವ ಮುನ್ನ ಮನೆಯಲ್ಲಿ ಎಲ್ಲರೂ ಕುಳಿತು ಈ ಪ್ರಶ್ನೆಯನ್ನೇ ಒಂದು ಸಂಜೆ ಚರ್ಚಿಸಿ ಎನ್ನುತ್ತೇನೆ. ಅಜ್ಜಿಯೂ ಜೊತೆಯಲ್ಲಿರಲಿ.